ಮೂವತ್ತರ ಆಸುಪಾಸಿನ ಗಂಡಸರು ರಕ್ತನಾಳದ ಕಾಯಿಲೆಯನ್ನು ಬೇಗ ಗುರುತಿಸುವುದು ಹೇಗೆ?

ಕೋಲಾರದ ಒಂದು ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ಬೆಳಗ್ಗೆ ಬಾಗಿಲು ತೆಗೆದರೆ ಮೊದಲು ಬರುವವರು ನರಸಾಪುರ, ವೇಮಗಲ್ ಕಡೆ ನೈಟ್ ಶಿಫ್ಟ್ ಮುಗಿಸಿಕೊಂಡು ಬಂದ ಹುಡುಗರು. "ಅಣ್ಣ, ಫುಲ್ ಬಾಡಿ ಚೆಕಪ್ ಎಷ್ಟಾಗುತ್ತೆ?" ಅಂತ ಕೇಳುತ್ತಾರೆ. ಯಾಕಪ್ಪ ಅಂದರೆ, ಊರಲ್ಲಿ ಯಾರೋ ಮೂವತ್ತೈದರ ಹುಡುಗ ಮಲಗಿದಲ್ಲೇ ಹೋಗಿಬಿಟ್ಟನಂತೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ, 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳು ಸುದ್ದಿಯಾದಾಗಲೂ ಹೀಗೇ ಆಯಿತು. ಜನ ಜಯದೇವ ಆಸ್ಪತ್ರೆ ಮುಂದೆ ಸಾಲುಗಟ್ಟಿ ನಿಂತರು. ಸುದ್ದಿ ಹಳೆಯದಾದ ಮೇಲೆ ಎಲ್ಲರೂ ಮರೆತರು.

ಭಯಬಿದ್ದು ಮಾಡಿಸುವ ಪ್ಯಾಕೇಜಿನಲ್ಲಿ ಬೇಡದ ಟೆಸ್ಟ್ ಹತ್ತು ಇರುತ್ತವೆ, ಬೇಕಾದ್ದು ಒಂದೋ ಎರಡೋ ಬಿಟ್ಟುಹೋಗಿರುತ್ತವೆ. ನನ್ನ ಲೆಕ್ಕದಲ್ಲಿ ಮೊದಲು ಖರ್ಚಿಲ್ಲದ್ದನ್ನು ನೋಡಬೇಕು. ಆಮೇಲೆ ರಕ್ತ. ಮಷೀನು ಕೊನೆಗೆ. ನಾವೆಲ್ಲ ಇದನ್ನು ಉಲ್ಟಾ ಮಾಡುತ್ತಿದ್ದೇವೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ ಮುಂದೆ ಕೂರುವ ಮುಂಚೆ ನೀವೇ ಏನೇನು ತಿಳಿದುಕೊಂಡು ಹೋಗಬಹುದು ಅನ್ನುವುದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬೋರ್‌ವೆಲ್ ನೀರಿಗೆ ಡ್ರಿಪ್ ಪೈಪಿನೊಳಗೆ ಉಪ್ಪು ಕಟ್ಟಿಕೊಳ್ಳುತ್ತದಲ್ಲ, ರಕ್ತನಾಳದಲ್ಲಿ ಕೊಬ್ಬು ಕಟ್ಟುವುದೂ ಹಾಗೇ ಅಂತ ಜನ ಅಂದುಕೊಂಡಿದ್ದಾರೆ. ಪೂರ್ತಿ ಹಾಗಲ್ಲ. ಕೊಬ್ಬು ಸೇರುವುದು ರಕ್ತ ಹರಿಯುವ ಜಾಗದಲ್ಲಲ್ಲ, ನಾಳದ ಗೋಡೆಯ ಪದರದ ಒಳಗೆ. ಶುರುವಿನಲ್ಲಿ ಗೋಡೆ ಹೊರಕ್ಕೆ ಹಿಗ್ಗಿ ಜಾಗ ಮಾಡಿಕೊಡುತ್ತದೆ. ರಕ್ತ ಸಲೀಸಾಗಿ ಹರಿಯುತ್ತಲೇ ಇರುತ್ತದೆ. ನೋವೂ ಇಲ್ಲ, ಸುಸ್ತೂ ಇಲ್ಲ. ಒಂದು ದಿನ ಆ ಕೊಬ್ಬಿನ ಮೇಲಿನ ತೆಳು ಪೊರೆ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ನಾಳ ಮುಚ್ಚಿಕೊಳ್ಳುತ್ತದೆ. ಹುಡುಗರಲ್ಲಿ ಎಷ್ಟೋ ಸಲ ಹಾರ್ಟ್ ಅಟ್ಯಾಕೇ ಮೊದಲ ಲಕ್ಷಣ ಆಗುವುದು ಇದರಿಂದ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲೇ ಬಂದಿತ್ತು. ಅವರ ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯ ಹೃದಯದ ನಾಳಗಳಲ್ಲಿ ಕಾಯಿಲೆಯ ಗುರುತು ಆಗಲೇ ಇತ್ತು.

1. ಅಮ್ಮನ ಹತ್ತಿರ ಕೂತು ಕೇಳಿ

ಇದಕ್ಕಿಂತ ಒಳ್ಳೆಯ ಟೆಸ್ಟ್ ನಮ್ಮ ಲ್ಯಾಬ್‌ನಲ್ಲಿ ಇಲ್ಲ. ಅಪ್ಪ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ 55ಕ್ಕಿಂತ ಮುಂಚೆ, ಅಮ್ಮ, ಅಕ್ಕ ತಂಗಿಯರಲ್ಲಿ ಯಾರಿಗಾದರೂ 65ಕ್ಕಿಂತ ಮುಂಚೆ ಹಾರ್ಟ್ ಅಟ್ಯಾಕ್ ಆಗಿದ್ದರೆ ನಿಮ್ಮ ಅಪಾಯ ಜಾಸ್ತಿ. ಅಜ್ಜ, ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವಂದಿರ ಬಗ್ಗೆಯೂ ಕೇಳಿ.

ಕೇಳುವ ರೀತಿ ಮುಖ್ಯ. "ನಮ್ಮ ಮನೇಲಿ ಯಾರಿಗಾದ್ರೂ ಹಾರ್ಟ್ ಪ್ರಾಬ್ಲಮ್ ಇತ್ತಾ?" ಅಂದರೆ "ಇಲ್ಲಪ್ಪ" ಅಂತಲೇ ಉತ್ತರ ಬರುತ್ತದೆ. "ತಾತ ಹೆಂಗೆ ಹೋದ್ರು? ಆಗ ಎಷ್ಟು ವಯಸ್ಸು?" ಅಂತ ಕೇಳಿ. ಆಗ ಬಾಯಿ ಬಿಡುತ್ತಾರೆ. "ಹೊಲದಲ್ಲಿ ಎದೆ ಹಿಡ್ಕೊಂಡು ಕೂತ್ರು, ಗ್ಯಾಸ್ ಅಂದ್ಕೊಂಡ್ವಿ." "ರಾತ್ರಿ ಮುದ್ದೆ ತಿಂದು ಮಲಗಿದ್ರು, ಬೆಳಗ್ಗೆ ಏಳಲೇ ಇಲ್ಲ." ಗಾಳಿ ಹೊಡೆಯಿತು, ದೃಷ್ಟಿ ಆಯಿತು ಅಂತ ಹೇಳುವ ಸಾವುಗಳ ವಯಸ್ಸನ್ನೂ ಬರೆದಿಟ್ಟುಕೊಳ್ಳಿ. ಪಾರ್ಶ್ವವಾಯು, ಗ್ಯಾಂಗ್ರಿನ್ ಆಗಿ ಕಾಲು ತೆಗೆದದ್ದು, ಇವೂ ರಕ್ತನಾಳದ ಲೆಕ್ಕಕ್ಕೇ ಬರುತ್ತವೆ.

ನಮ್ಮ ಕಡೆ ಇನ್ನೊಂದನ್ನು ಕೇಳಲೇಬೇಕು. ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆಯಾದವರಾ? ಹುಟ್ಟಿನಿಂದಲೇ ಕೊಲೆಸ್ಟರಾಲ್ ವಿಪರೀತ ಏರಿರುವ ಒಂದು ಕಾಯಿಲೆ ವಂಶದಲ್ಲಿ ಹರಿದು ಬರುತ್ತದೆ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಬ್ಬರಲ್ಲೂ ಇದ್ದು ಎರಡೂ ಕಡೆಯಿಂದ ಬಂದರೆ ಮಕ್ಕಳಾಗಿರುವಾಗಲೇ ನಾಳಗಳು ಹಾಳಾಗುತ್ತವೆ. ಸೋದರಮಾವನಿಗೆ ಕೊಟ್ಟು ಮಾಡುವ ಮದುವೆಗಳಲ್ಲಿ ಈ ಸಾಧ್ಯತೆ ಜಾಸ್ತಿ. ಇಂಥ ಮನೆಯ ಹುಡುಗ ಸಣ್ಣಗಿದ್ದರೂ, ಬರೀ ಸೊಪ್ಪು ಕಾಳು ತಿಂದರೂ ಕೊಲೆಸ್ಟರಾಲ್ ಏರಿಯೇ ಇರುತ್ತದೆ.

2. ಟೇಪು ಮತ್ತು ಬಿಪಿ ಮಷೀನು

ಪ್ಯಾಂಟ್ ಸೈಜ್ ನಂಬಬೇಡಿ. ಪ್ಯಾಂಟನ್ನು ನಾವು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುತ್ತೇವೆ. ಟೈಲರ್ ಟೇಪನ್ನು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. 90 ಸೆಂಟಿಮೀಟರ್ ದಾಟಿದರೆ ನಮ್ಮ ದೇಶದ ಗಂಡಸಿಗೆ ಅದು ಜಾಸ್ತಿ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ, ಇದು ನಮ್ಮವರಲ್ಲಿ ತುಂಬಾ ಸಾಮಾನ್ಯ. ತೂಕದ ಮಷೀನು ಇದನ್ನು ಹೇಳುವುದಿಲ್ಲ.

ಬಿಪಿ ನೋಡಿಸುವ ಮುಂಚೆ ಅರ್ಧ ಗಂಟೆ ಕಾಫಿ, ಸಿಗರೇಟು ಬೇಡ. ಐದು ನಿಮಿಷ ಬೆನ್ನು ಒರಗಿಸಿ ಸುಮ್ನೆ ಕೂರಿ. ತೋಳು ಎದೆಯ ಮಟ್ಟದಲ್ಲಿರಲಿ. ಮೊದಲ ಸಲ ಎರಡೂ ತೋಳಿನಲ್ಲಿ ನೋಡಲು ಹೇಳಿ. ಕೆಲವರು ಗೊಣಗಬಹುದು, ಪರವಾಗಿಲ್ಲ. ಎರಡು ತೋಳಿನ ಮೇಲಿನ ಅಂಕಿಗಳ ನಡುವೆ 15ಕ್ಕಿಂತ ಜಾಸ್ತಿ ವ್ಯತ್ಯಾಸ ಮತ್ತೆ ಮತ್ತೆ ಬಂದರೆ ಒಂದು ಕಡೆಯ ನಾಳ ಕಿರಿದಾಗಿರಬಹುದು. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಅದು ಬಿಪಿಯೇ. "ಟೆನ್ಶನ್‌ಗೆ ಬಂದಿದೆ ಬಿಡಿ" ಅನ್ನಬೇಡಿ. ಚಿಕ್ಕ ವಯಸ್ಸಿನಲ್ಲಿ ಬಿಪಿ ಬಂದರೆ ಕಿಡ್ನಿ, ಥೈರಾಯ್ಡ್ ಕಡೆಯಿಂದ ಏನಾದರೂ ಇದೆಯಾ ಅಂತಲೂ ಡಾಕ್ಟರು ನೋಡುತ್ತಾರೆ.

ಗೃಹ ಆರೋಗ್ಯ ಯೋಜನೆಯನ್ನು ಸರ್ಕಾರ 2024ರಲ್ಲಿ ಮೊದಲು ಶುರು ಮಾಡಿದ್ದು ನಮ್ಮ ಜಿಲ್ಲೆಯಲ್ಲೇ. ಮನೆ ಬಾಗಿಲಿಗೆ ಬಂದು ಬಿಪಿ, ಶುಗರ್ ನೋಡುತ್ತಾರೆ. ಆದರೆ ಅದು 30 ದಾಟಿದವರಿಗೆ. ಅಪ್ಪನಿಗೆ 45ಕ್ಕೇ ಸ್ಟೆಂಟ್ ಹಾಕಿದ್ದರೆ, ಮಗ 24ಕ್ಕೇ ತಾನಾಗಿ ಹೋಗಿ ತೋರಿಸಿಕೊಳ್ಳಬೇಕು.

3. ಕನ್ನಡಿ ಮುಂದೆ

ಕಣ್ಣಿನ ರೆಪ್ಪೆಯ ಮೇಲೆ, ಮೂಗಿನ ಕಡೆಯ ಮೂಲೆಯಲ್ಲಿ ಹಳದಿ ಬಣ್ಣದ ಚಪ್ಪಟೆ ಗಂಟು ಇದೆಯಾ? ಕಣ್ಣಿನ ಕಪ್ಪು ಭಾಗದ ಸುತ್ತ ಬೂದು ಬಿಳಿ ಉಂಗುರ ಕಾಣುತ್ತದೆಯಾ? ವಯಸ್ಸಾದವರಲ್ಲಿ ಈ ಉಂಗುರ ಮಾಮೂಲು. 45ರ ಒಳಗೆ ಕಂಡರೆ ಕೊಲೆಸ್ಟರಾಲ್ ನೋಡಿಸಿ. ಹಿಮ್ಮಡಿಯ ಮೇಲೆ ಹಗ್ಗದಂತಿರುವ ದಪ್ಪ ಸ್ನಾಯುರಜ್ಜನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಉಬ್ಬಿ ಗಂಟುಗಂಟಾಗಿದ್ದರೆ ಅದು ವಂಶದ ಕೊಲೆಸ್ಟರಾಲಿನ ಗುರುತಾಗಿರಬಹುದು. ಕುತ್ತಿಗೆಯ ಹಿಂದೆ ಎಷ್ಟು ಉಜ್ಜಿದರೂ ಹೋಗದ ಕಪ್ಪು, ಮುಟ್ಟಿದರೆ ಮಖಮಲ್ಲಿನಂತಿರುವ ಚರ್ಮ ಕೊಳೆಯಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ ಅದು.

ಕಿವಿ ಹಾಲೆಯ ಗೆರೆ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ವಿಡಿಯೋ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

4. ಕಾಲು

ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುವಾಗ ಮೀನಖಂಡ ಹಿಡಿದುಕೊಂಡಂತೆ ನೋಯುತ್ತದೆ. ನಿಂತರೆ ಎರಡು ಮೂರು ನಿಮಿಷಕ್ಕೆ ಮಾಯ. ಮತ್ತೆ ಹತ್ತಿದರೆ ಹೆಚ್ಚುಕಡಿಮೆ ಅಷ್ಟೇ ಮೆಟ್ಟಿಲಿಗೆ ಮತ್ತೆ ಶುರು. ಹೀಗೆ ಲೆಕ್ಕ ಹಾಕಿದಂತೆ ಬಂದು ಹೋಗುವ ನೋವು ನಾಳದ್ದಾಗಿರುವ ಸಾಧ್ಯತೆ ಜಾಸ್ತಿ. ಸೊಂಟದ ನರದ ನೋವಾದರೆ ನಿಂತರೆ ಸಾಲದು. ಕೂರಬೇಕು, ಇಲ್ಲವೇ ಮುಂದಕ್ಕೆ ಬಗ್ಗಬೇಕು.

ನಾಡಿ ನೋಡುವುದು ಹೀಗೆ. ನೆಲದ ಮೇಲೆ ಕೂತು ಪಾದವನ್ನು ಸಡಿಲ ಬಿಡಿ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವಿನ ಸಂದಿನಿಂದ ಪಾದದ ಮೇಲೆ ಕಣಕಾಲಿನ ಕಡೆಗೆ ಬೆರಳು ಎಳೆಯಿರಿ. ಪಾದದ ಉಬ್ಬಿನ ಹತ್ತಿರ ನಿಲ್ಲಿಸಿ. ಮೂರು ಬೆರಳಿನ ತುದಿಯನ್ನು ಹಗುರವಾಗಿ ಇಡಿ. ಒತ್ತಿದರೆ ನಾಡಿ ಸಿಗುವುದಿಲ್ಲ. ಇನ್ನೊಂದು ಜಾಗ ಕಣಕಾಲಿನ ಒಳಗಡೆ ಗಂಟಿನ ಹಿಂದೆ. ಎರಡೂ ಕಾಲು ಹೋಲಿಸಿ. ಪಾದದ ಮೇಲಿನ ನಾಡಿ ಕೆಲವರಿಗೆ ಹುಟ್ಟಿನಿಂದಲೇ ಸಿಗುವುದಿಲ್ಲ, ಅದೊಂದಕ್ಕೇ ಹೆದರಬೇಡಿ. ಒಂದು ಕಾಲಿನಲ್ಲಿ ಎರಡೂ ಕಡೆ ನಾಡಿ ಇಲ್ಲ, ಆ ಕಾಲು ತಣ್ಣಗಿದೆ, ಕೂದಲು ಉದುರಿದೆ, ಬೆರಳಿನ ಗಾಯ ವಾರಗಟ್ಟಲೆ ಒಣಗುತ್ತಿಲ್ಲ ಅಂದರೆ ಮಾತ್ರ ಕಾಯಬೇಡಿ. ಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿ ನೋಡುವ ಸರಳ ಪರೀಕ್ಷೆ ಇದೆ. ಉತ್ತರ 0.9ಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿದೆ ಅಂತ.

ಬೀಡಿ ಸೇದುವ ಹುಡುಗರಿಗೆ ಪ್ರತ್ಯೇಕವಾಗಿ ಒಂದು ಮಾತು. ಬರ್ಜರ್ ಕಾಯಿಲೆ ಅಂತ ಇದೆ. ಇದು ಕೊಬ್ಬಿನದ್ದಲ್ಲ. ತಂಬಾಕಿನಿಂದ ಕೈಕಾಲಿನ ಸಣ್ಣ ನಾಳಗಳು ಉರಿಯೂತ ಬಂದು ಮುಚ್ಚಿಹೋಗುತ್ತವೆ. ಬರುವುದು ಹೆಚ್ಚಾಗಿ 45ರ ಒಳಗಿನ ಗಂಡಸರಿಗೆ. ಚಳಿಗೆ ಬೆರಳು ಬಿಳಿಚಿಕೊಳ್ಳುತ್ತದೆ, ರಾತ್ರಿ ಪಾದ ಉರಿಯುತ್ತದೆ, ಬೆರಳ ತುದಿ ಕಪ್ಪಾಗುತ್ತದೆ. ತಂಬಾಕು ಪೂರ್ತಿ ಬಿಟ್ಟರೆ ಬೆರಳು ಉಳಿಸಿಕೊಳ್ಳಬಹುದು. "ದಿನಕ್ಕೆ ಎರಡೇ" ಅಂದರೆ ಉಳಿಯುವುದಿಲ್ಲ.

5. ಯಾರ ಹತ್ತಿರವೂ ಹೇಳದ ವಿಷಯ

ನಿಮಿರುವಿಕೆ ಸರಿಯಾಗಿ ಆಗದಿರುವುದು. ಇದನ್ನು ಹೆಂಡತಿಗೂ ಹೇಳದೆ ಒಳಗೊಳಗೇ ಕೊರಗುವವರೇ ಜಾಸ್ತಿ. ಶಿಶ್ನಕ್ಕೆ ರಕ್ತ ಕೊಡುವ ನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ನಾಳ 3ರಿಂದ 4. ಕಾಯಿಲೆ ದೇಹದ ಎಲ್ಲ ನಾಳಗಳಲ್ಲೂ ಒಟ್ಟಿಗೇ ನಡೆದಿದ್ದರೂ ಸಣ್ಣದು ಮೊದಲು ಸೋಲುತ್ತದೆ. ಹೃದಯದ ತೊಂದರೆ ಕಾಣಿಸಿಕೊಳ್ಳುವ ಸುಮಾರು 2ರಿಂದ 5 ವರ್ಷ ಮುಂಚೆಯೇ ಇದು ಕಾಣಿಸಿಕೊಳ್ಳಬಹುದು. ಅಷ್ಟು ದೊಡ್ಡ ಮುನ್ಸೂಚನೆಯನ್ನು ನಾವು ನಾಚಿಕೆಗೆ ಬಿಟ್ಟುಕೊಡುತ್ತಿದ್ದೇವೆ.

ಹಾಗಂತ ಒಂದೆರಡು ಸಲ ಆಗಲಿಲ್ಲ ಅಂದರೆ ಹೃದಯಕ್ಕೆ ಬಂತು ಅಂತ ಅಲ್ಲ. ಚಿಕ್ಕ ವಯಸ್ಸಿನಲ್ಲಿ ಚಿಂತೆ, ಕುಡಿತ, ನಿದ್ದೆಗೇಡು, ಕೆಲವು ಮಾತ್ರೆಗಳೂ ಕಾರಣ ಆಗಿರುತ್ತವೆ. ಬೆಳಗಿನ ಜಾವ ತಾನಾಗೇ ಆಗುತ್ತಿದೆ, ಹೆಂಡತಿಯ ಜೊತೆ ಮಾತ್ರ ಆಗುತ್ತಿಲ್ಲ ಅಂದರೆ ಮನಸ್ಸಿನ ಕಾರಣವೇ ಹೆಚ್ಚು. ಬೆಳಗಿನದೂ ನಿಧಾನವಾಗಿ ಕಡಿಮೆಯಾಗುತ್ತಾ ಬಂದು ಮೂರು ತಿಂಗಳು ದಾಟಿದ್ದರೆ, ಅದರ ಜೊತೆ ಸಿಗರೇಟು, ಶುಗರ್ ಅಥವಾ ಬಿಪಿ ಇದ್ದರೆ, ಫಿಸಿಷಿಯನ್ ಹತ್ತಿರ ಹೋಗಿ. ಬಸ್ ಸ್ಟ್ಯಾಂಡ್ ಗೋಡೆಯ "ಗುಪ್ತ ರೋಗ" ಪೋಸ್ಟರಿನ ನಂಬರಿಗೆ ಫೋನ್ ಮಾಡಬೇಡಿ. ಮೆಡಿಕಲ್ ಸ್ಟೋರಿನಲ್ಲಿ ಪಿಸುಗುಟ್ಟಿ ತೆಗೆದುಕೊಳ್ಳುವ ಆ ನೀಲಿ ಮಾತ್ರೆ, ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಜೊತೆ ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೇ ಅಪಾಯ.

6. "ಗ್ಯಾಸ್"

ಟೊಮೆಟೊ ಮಾರ್ಕೆಟ್ಟಿನಲ್ಲಿ 15 ಕೆಜಿಯ ಬಾಕ್ಸ್ ಹೊತ್ತು ಲಾರಿಗೆ ತುಂಬುವವನಿಗೆ ಆಯಾಸ ಹೊಸದಲ್ಲ. ನೋಡಬೇಕಾದ್ದು ಬದಲಾವಣೆಯನ್ನು. ಹೋದ ಸೀಸನ್‌ನಲ್ಲಿ ಸಲೀಸಾಗಿ ಹೊರುತ್ತಿದ್ದವನಿಗೆ ಈಗ ಹತ್ತು ಬಾಕ್ಸಿಗೇ ಎದೆ ಭಾರ, ಗಂಟಲು ಅಥವಾ ದವಡೆ ಹಿಡಿದಂತೆ, ನಿಂತರೆ ಸಮಾಧಾನ. ಇದು ಗ್ಯಾಸ್ ಅಲ್ಲ. ಗ್ಯಾಸಿಗೆ ನೀವು ಬಾಕ್ಸ್ ಹೊತ್ತಿದ್ದೀರೋ, ಮಂಚದ ಮೇಲೆ ಮಲಗಿದ್ದೀರೋ ಗೊತ್ತಾಗುವುದಿಲ್ಲ. ಸೋಡಾ, ಈನೋ ಕುಡಿದು ತೇಗು ಬಂತು ಅನ್ನುವುದು ಹೃದಯ ಸರಿಯಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ.

7. ರಕ್ತ: ಯಾವುದು ಬೇಕು, ಹೇಗೆ ಓದಬೇಕು

ಭಾರತದ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಮೊದಲ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ, 18ಕ್ಕೇ ಆಗಬೇಕು. ಮನೆಯಲ್ಲಿ ಕಾಯಿಲೆ ಇದ್ದರೆ ಅದಕ್ಕೂ ಮುಂಚೆ. ಲಿಪಿಡ್ ಪ್ರೊಫೈಲ್, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್), ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಇಷ್ಟನ್ನು ಮಾಡಿಸಿ. ಜೊತೆಗೆ ಲೈಪೋಪ್ರೋಟೀನ್-ಎ ಅನ್ನುವ, ಕೆಟ್ಟ ಕೊಲೆಸ್ಟರಾಲಿನಂಥದ್ದೇ ಇನ್ನೊಂದು ಕೊಬ್ಬಿನ ಕಣದ ಟೆಸ್ಟನ್ನು ಜೀವನದಲ್ಲಿ ಒಂದು ಸಲ ಮಾಡಿಸಿದರೆ ಸಾಕು. ಫುಲ್ ಬಾಡಿ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇದೇ. ಇದು ಬಹುಪಾಲು ಹುಟ್ಟಿನಿಂದ ಬಂದದ್ದು, ಊಟ, ವ್ಯಾಯಾಮದಿಂದ ಹೆಚ್ಚು ಬದಲಾಗುವುದಿಲ್ಲ. 50 ಮಿಲಿಗ್ರಾಂ ದಾಟಿದ್ದರೆ ಉಳಿದೆಲ್ಲ ಅಂಕಿಗಳ ಮೇಲೆ ಇನ್ನೂ ಬಿಗಿ ಹಿಡಿತ ಬೇಕು.

ಲಿಪಿಡ್‌ಗೆ ಖಾಲಿ ಹೊಟ್ಟೆ ಕಡ್ಡಾಯ ಅಲ್ಲ. ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 400 ದಾಟಿದರೆ ಮಾತ್ರ ಉಪವಾಸವಿದ್ದು ಮತ್ತೆ ಕೊಡಬೇಕಾಗುತ್ತದೆ. ಆದರೆ ಭಾನುವಾರ ಮಟನ್, ಎಣ್ಣೆ ಎರಡೂ ಮುಗಿಸಿ ಸೋಮವಾರ ಬೆಳಗ್ಗೆ ಬಂದು ತೋಳು ಚಾಚಬೇಡಿ. ಡೆಂಗಿ, ಜ್ವರದಲ್ಲಿ ಎದ್ದ ಕೂಡಲೂ ಬೇಡ. ಆಗ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ರಿಪೋರ್ಟ್ ಕೈಗೆ ಬಂದ ಮೇಲೆ ಎಲ್ಲರೂ ದಪ್ಪಕ್ಷರದಲ್ಲಿರುವುದನ್ನು ಮಾತ್ರ ನೋಡುತ್ತಾರೆ. ಒಂದು ಉದಾಹರಣೆ ನೋಡಿ. ಒಟ್ಟು ಕೊಲೆಸ್ಟರಾಲ್ 212, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟರಾಲ್) 34, ಟ್ರೈಗ್ಲಿಸರೈಡ್ 240, ಎಲ್‌ಡಿಎಲ್ 130. ಎಲ್‌ಡಿಎಲ್ ಪಕ್ಕ ಬಾರ್ಡರ್ ಅಂತ ಇರುತ್ತದೆ. ಹುಡುಗ ನಿಟ್ಟುಸಿರು ಬಿಡುತ್ತಾನೆ. ಈಗ ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಕಳೆಯಿರಿ: 178. ನಾಳಕ್ಕೆ ಕೆಟ್ಟದ್ದು ಮಾಡುವ ಎಲ್ಲ ಕೊಬ್ಬಿನ ಲೆಕ್ಕ ಇದರಲ್ಲಿದೆ. ಸಾಮಾನ್ಯ ಅಪಾಯ ಇರುವವರಲ್ಲೇ ಇದು 130ರ ಒಳಗಿರಬೇಕು. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ 40ಕ್ಕಿಂತ ಕಡಿಮೆ, ಎಲ್‌ಡಿಎಲ್ ನೋಡಲು ಸಾಧಾರಣ: ನಮ್ಮ ಹುಡುಗರಲ್ಲಿ ಪದೇ ಪದೇ ಕಾಣುವ ಚಿತ್ರ ಇದು.

ಎಲ್‌ಡಿಎಲ್‌ಗೆ ಲ್ಯಾಬ್ ಅಚ್ಚು ಹಾಕುವ ರೇಂಜ್ ಎಲ್ಲರಿಗೂ ಒಂದೇ. ನಿಮ್ಮ ಗುರಿ ಬೇರೆ ಇರಬಹುದು. ಸಾಮಾನ್ಯರಿಗೆ 100ರ ಒಳಗೆ, ಅಪಾಯ ಜಾಸ್ತಿ ಇರುವವರಿಗೆ 70ರ ಒಳಗೆ. ನಿಮ್ಮದು ಯಾವುದು ಅಂತ ಡಾಕ್ಟರನ್ನೇ ಕೇಳಿ, ಬರೆಸಿಕೊಳ್ಳಿ. 190 ದಾಟಿದ್ದರೆ ವಂಶದ ಕಾಯಿಲೆ ಇರಬಹುದು. ಆಗ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು ಎಲ್ಲರ ರಕ್ತವೂ ನೋಡಬೇಕು. ಎಚ್‌ಬಿಎ1ಸಿ 5.7ರಿಂದ 6.4 ಅಂದರೆ ಶುಗರ್ ಬಾಗಿಲಲ್ಲಿದೆ, 6.5ರಿಂದ ಮೇಲೆ ಒಳಗೆ ಬಂದಿದೆ.

ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲೂ ತಾಲ್ಲೂಕು ಆಸ್ಪತ್ರೆಗಳಲ್ಲೂ ಬಿಪಿ, ಶುಗರ್‌ಗೆಂದೇ ಎನ್‌ಸಿಡಿ ಕ್ಲಿನಿಕ್ ಇದೆ. ದುಡ್ಡಿನ ಯೋಚನೆ ಇದ್ದರೆ ಅಲ್ಲಿಂದಲೇ ಶುರು ಮಾಡಿ.

8. ಮಷೀನು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮಲಗಿಸಿ ತೆಗೆದ ಇಸಿಜಿ ಆ ಕ್ಷಣದ್ದು ಮಾತ್ರ. ಎಕೋ (ಹೃದಯದ ಸ್ಕ್ಯಾನ್) ಹೃದಯದ ಮಾಂಸ, ಕವಾಟ ನೋಡುತ್ತದೆ, ಅದರ ನಾಳಗಳನ್ನಲ್ಲ. ಟಿಎಂಟಿ, ಅಂದರೆ ಓಡುವ ಬೆಲ್ಟಿನ ಮೇಲೆ ನಡೆಸಿ ತೆಗೆಯುವ ಇಸಿಜಿ, ನಾಳ ಚೆನ್ನಾಗಿ ಕಿರಿದಾದ ಮೇಲೆ ಹಿಡಿಯುತ್ತದೆ. ಗೋಡೆಯೊಳಗೆ ಅಡಗಿರುವ ಮೆತ್ತನೆಯ ಕೊಬ್ಬು ಅದಕ್ಕೆ ಕಾಣುವುದಿಲ್ಲ. "ಹೋದ ತಿಂಗಳು ತಾನೇ ಟಿಎಂಟಿ ನಾರ್ಮಲ್ ಬಂದಿತ್ತಲ್ಲ" ಅನ್ನುವ ಪ್ರಶ್ನೆಗೆ ಉತ್ತರ ಇದು. ಸಿಟಿಯಲ್ಲಿ ನೋಡುವ ಕ್ಯಾಲ್ಸಿಯಂ ಸ್ಕೋರ್ ವಯಸ್ಸಾದವರಿಗೆ ಒಳ್ಳೆಯ ಪರೀಕ್ಷೆ. ಹುಡುಗರ ಕೊಬ್ಬಿನಲ್ಲಿ ಇನ್ನೂ ಸುಣ್ಣ ಕೂತಿರುವುದಿಲ್ಲ, ಹಾಗಾಗಿ ಸೊನ್ನೆ ಬಂದರೆ ಹಬ್ಬ ಮಾಡಬೇಡಿ. ಕುತ್ತಿಗೆಯ ನಾಳದ ಸ್ಕ್ಯಾನ್‌ನಲ್ಲಿ ವಿಕಿರಣ ಇಲ್ಲ, ಅಲ್ಲಿ ಕೊಬ್ಬಿನ ದಿಬ್ಬ ಕಂಡರೆ ಅದು ನಿಜವಾದ ಸುದ್ದಿ. ಸಿಟಿ ಆಂಜಿಯೋಗ್ರಾಂ ಲಕ್ಷಣ ಇರುವವರಿಗೆ, ಡಾಕ್ಟರು ಹೇಳಿದರೆ. ಆಫರ್ ಇದೆ ಅಂತ ಮಾಡಿಸುವಂಥದ್ದಲ್ಲ.

9. ಅಂಕಿ ಕೆಟ್ಟಿದ್ದರೆ

ಮೊದಲು ತಂಬಾಕು. 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರ ಪ್ರಕಾರ, ದಿನಕ್ಕೆ 20 ಸಿಗರೇಟಿನಿಂದ ಹೃದಯಕ್ಕೆ ಬರುವ ಹೆಚ್ಚುವರಿ ಅಪಾಯದ ಸುಮಾರು ಅರ್ಧದಷ್ಟು ದಿನಕ್ಕೆ ಒಂದೇ ಸಿಗರೇಟಿನಿಂದಲೂ ಬರುತ್ತದೆ. ಕಡಿಮೆ ಮಾಡಿದ್ದೀನಿ ಅನ್ನುವ ಸಮಾಧಾನ ಶ್ವಾಸಕೋಶಕ್ಕೆ ಸ್ವಲ್ಪ ಒಪ್ಪುತ್ತದೆ, ಹೃದಯಕ್ಕೆ ಒಪ್ಪುವುದಿಲ್ಲ.

ಜಿಮ್‌ನಲ್ಲಿ ಯಾರೋ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಒಳ್ಳೆಯ ಕೊಲೆಸ್ಟರಾಲನ್ನು ಇಳಿಸಿ ಕೆಟ್ಟದ್ದನ್ನು ಏರಿಸುತ್ತದೆ. ತೋಳು ಉಬ್ಬುವಾಗ ನಾಳ ಕೆಡುತ್ತಿರುತ್ತದೆ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗುತ್ತದೆ ಅಂತ ಮನೆಯವರು ಹೇಳಿದರೆ ಅದನ್ನೂ ಡಾಕ್ಟರಿಗೆ ಹೇಳಿ. ಊಟದ ವಿಷಯದಲ್ಲಿ ಮುದ್ದೆ, ಬಸ್ಸಾರಿನ ಮೇಲೆ ನನಗೆ ದೂರಿಲ್ಲ. ದೂರು ಇರುವುದು ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಬೋಂಡಾ, ಶಿಫ್ಟಿನ ನಡುವೆ ನಾಲ್ಕು ಸಲ ಕುಡಿಯುವ ಸಕ್ಕರೆ ಟೀ, ರಾತ್ರಿ ಹನ್ನೊಂದರ ಗೋಬಿಯ ಮೇಲೆ.

ಡಾಕ್ಟರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದರೆ "ಇಷ್ಟು ಚಿಕ್ಕ ವಯಸ್ಸಿಗೆ ಮಾತ್ರೆನಾ" ಅಂತ ಮನೆಯಲ್ಲಿ ಗಲಾಟೆ ಆಗುತ್ತದೆ. ವಂಶದ ಕೊಲೆಸ್ಟರಾಲಿಗೆ ಪಥ್ಯ ಒಂದೇ ಸಾಲುವುದಿಲ್ಲ. ಮಾತ್ರೆಯಿಂದ ಮೈಕೈ ನೋವು ಬಂದರೆ ಹೋಗಿ ಹೇಳಿ, ಬೇರೆ ಮಾತ್ರೆ, ಬೇರೆ ಡೋಸ್ ಇದೆ. ರಿಪೋರ್ಟ್ ನಾರ್ಮಲ್ ಬಂತು ಅಂತ ನೀವೇ ನಿಲ್ಲಿಸಬೇಡಿ. ನಾರ್ಮಲ್ ಬಂದಿದ್ದೇ ಮಾತ್ರೆಯಿಂದ ಅಲ್ವಾ?

10. ಎದೆನೋವು ಬಂದೇ ಬಿಟ್ಟರೆ

ಎದೆ ಒತ್ತಿದಂತೆ ನೋವು, ತಣ್ಣನೆಯ ಬೆವರು, ಸುಮ್ಮನೆ ಕೂತರೂ ಹತ್ತು ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ಬೈಕ್ ಹತ್ತಬೇಡಿ. ಮುಖ್ಯವಾಗಿ, "ಸೀದಾ ಬೆಂಗಳೂರಿಗೇ ಹೋಗೋಣ" ಅನ್ನುವ ಚಿಕ್ಕಪ್ಪನ ಮಾತು ಕೇಳಬೇಡಿ. ಮುಳಬಾಗಿಲಿನಿಂದ ಹೊರಟು ಕೆ.ಆರ್. ಪುರದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಅಷ್ಟು ಹೊತ್ತೂ ಹೃದಯದ ಮಾಂಸ ಸಾಯುತ್ತಿರುತ್ತದೆ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೂರದ ಹೃದಯ ಕೇಂದ್ರದ ತಜ್ಞರಿಗೆ ಕಳಿಸುತ್ತಾರೆ. ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಟ್ಟು, ಆಮೇಲೆ ಮುಂದಕ್ಕೆ ಕಳಿಸುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯಾ ಅಂತ ಆರೋಗ್ಯವಾಗಿರುವಾಗಲೇ ಹೋಗಿ ವಿಚಾರಿಸಿಕೊಂಡಿರಿ. 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗುವ ವಿಚಾರ ನಿಮ್ಮ ಡಾಕ್ಟರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಹೊಟ್ಟೆಹುಣ್ಣು, ಅಲರ್ಜಿ ಇರುವವರಿಗೆ ಅದು ಆಗಿಬರುವುದಿಲ್ಲ.

ಚೆನ್ನಾಗಿರುವಾಗ ತೆಗೆಸಿದ ಇಸಿಜಿ ಒಂದರ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಹೆಂಡತಿಯ ಅಥವಾ ರೂಮ್‌ಮೇಟ್‌ನ ಮೊಬೈಲಿಗೂ ಕಳಿಸಿ. ಚಿಕ್ಕ ವಯಸ್ಸಿನ ಎಷ್ಟೋ ಗಂಡಸರ ಇಸಿಜಿಯಲ್ಲಿ ಆರೋಗ್ಯವಾಗಿರುವಾಗಲೂ, ಹಾರ್ಟ್ ಅಟ್ಯಾಕಿನಲ್ಲಿ ಏಳುವ ಹಾಗೇ, ಗೆರೆ ಸ್ವಲ್ಪ ಮೇಲೆದ್ದಿರುತ್ತದೆ. ರಾತ್ರಿ ಎರಡು ಗಂಟೆಗೆ ಕ್ಯಾಶುಯಲ್ಟಿಯಲ್ಲಿರುವ ಡಾಕ್ಟರಿಗೆ ಇದು ಹಳೆಯದಾ, ಈಗ ಶುರುವಾದದ್ದಾ ಅಂತ ಹೇಳಲು ಆ ಹಳೆಯ ಕಾಗದವೇ ಬೇಕು.